ಗಾಡಿ ಬಂತು, ಅಂಗಿ ಬರಲಿಲ್ಲ

ಮಿರಗದ ಮಳೆ ಹಿಡಿಯಿತೆಂದರೆ ಹಾವೇರಿಯಿಂದ ಹೆದ್ದಾರಿಯ ಕಡೆಗೆ ಹೊರಡುವ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಒಂದು ಮೆರವಣಿಗೆ ಸಾಗುತ್ತದೆ. ಒಬ್ಬಳ ಮೈಮೇಲೆ ಗಂಡನ ಹಳೆಯ ರೇನ್‌ಕೋಟು. ಅದರ ತೋಳು ಬೆರಳಿನ ತುದಿ ದಾಟಿ ಜೋತಾಡುತ್ತಿದೆ. ಇನ್ನೊಬ್ಬಳು ಕೋಟನ್ನು ಸೊಂಟದ ಮೇಲಕ್ಕೆ ಮಾತ್ರ ಹಾಕಿಕೊಂಡು, ಸೀರೆಯ ನೆರಿಗೆಗಳನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು ಸ್ಕೂಟಿ ಓಡಿಸುತ್ತಿದ್ದಾಳೆ. ಮತ್ತೊಬ್ಬಳು ಊಟದ ಡಬ್ಬಿಗೂ ಮಕ್ಕಳ ಉತ್ತರಪತ್ರಿಕೆಗೂ ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿ ಭದ್ರಮಾಡಿದ್ದಾಳೆ, ತನ್ನ ಮೈಗೆ ಏನೂ ಇಲ್ಲ. ಪತ್ರಿಕೆ ತೊಯ್ದರೆ ಹೆಡ್‌ಮಾಸ್ತರರು ಕೇಳುತ್ತಾರೆ, ಅಕ್ಕೋರು ತೊಯ್ದರೆ ಯಾರು ಕೇಳುತ್ತಾರೆ?

ಇವರು ಜಾತ್ರೆಗೆ ಹೊರಟವರಲ್ಲ. ಶಾಲೆಯ ಅಕ್ಕೋರು, ಆಸ್ಪತ್ರೆಯ ನರ್ಸು, ಬ್ಯಾಂಕಿನ ಗುಮಾಸ್ತೆ, ಪಂಚಾಯಿತಿಯ ಪಿಡಿಓ, ಅಂಗನವಾಡಿಯ ಮೇಲ್ವಿಚಾರಕಿ. 1997ರಲ್ಲಿ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿದವು, ಹೆಣ್ಣುಮಕ್ಕಳ ನೌಕರಿಗಳೂ ಹೆಚ್ಚಿದವು. ಮನೆ ಒಂದೂರಲ್ಲಿ, ಕೆಲಸ ಇನ್ನೊಂದೂರಲ್ಲಿ. ಹಾವೇರಿಯಲ್ಲಿ ಮನೆ, ಬ್ಯಾಡಗಿ ತಾಲೂಕಿನ ಹಳ್ಳಿಯಲ್ಲಿ ಶಾಲೆ. ರಾಣೆಬೆನ್ನೂರಿನಲ್ಲಿ ಮನೆ, ಮೋಟೆಬೆನ್ನೂರಿನ ಆಚೆ ದವಾಖಾನೆ. ನಾನೂ ಅಂಥವಳೇ. ಹೋಗಿ ಬರಲು ದಿನಕ್ಕೆ ನಲವತ್ತು ಕಿಲೋಮೀಟರಿನ ಮೇಲಾಗುತ್ತದೆ. ನಮ್ಮಂಥವರಿಗೆ ಗಾಡಿ ಶೋಕಿಯಲ್ಲ, ಅನ್ನದ ದಾರಿ.

ಹಾಗಿದ್ದ ಮೇಲೆ ಆ ದಾರಿಗೆ ತಕ್ಕ ಅಂಗಿ ನಮಗೆ ಏಕಿಲ್ಲ? ಮಳೆ, ಬಿಸಿಲು, ದೂಳು ತಡೆಯುವ, ಬಿದ್ದರೆ ಮೈ ಕಾಯುವ, ಹೆಣ್ಣಿನ ಅಳತೆಗೆ ಹೊಲಿದ ಗಾಡಿಯ ಅಂಗಿಯೊಂದು ಕೆಲಸಕ್ಕೆ ಹೋಗುವ ಹೆಣ್ಣಿನ ಮೊದಲ ಸಾಮಾನಾಗಬೇಕು. ಮದುವೆಯ ರೇಷ್ಮೆ ಸೀರೆಗಿಂತ ಮೊದಲು, ಬಂಗಾರದ ಚೀಟಿಗಿಂತ ಮೊದಲು. ಇದೇ ನನ್ನ ವಾದ. ಇದಕ್ಕೆ ಅಡ್ಡ ಬರುವ ನೆಪಗಳನ್ನು ಒಂದೊಂದಾಗಿ ನೋಡೋಣ.

ಮೊದಲು ನಮ್ಮ ಹವೆಯ ಮಾತು. ಬೆಂಗಳೂರಿನವರು ಕೇಳಬಹುದು, ನಿಮ್ಮ ಬಯಲುಸೀಮೆಯಲ್ಲಿ ಅದೆಂಥ ಮಳೆ ಎಂದು. ನಮ್ಮ ಜಿಲ್ಲೆ ಪೂರಾ ಬಯಲುಸೀಮೆಯೂ ಅಲ್ಲ, ಪೂರಾ ಮಲೆನಾಡೂ ಅಲ್ಲ. ಹಾನಗಲ್ಲಿನ ಕಡೆಯಿಂದ ಬೀಸುವ ಗಾಳಿಗೆ ಹಾವೇರಿಯಲ್ಲಿ ಆರಿದ್ರಿ ಮಳೆ ಜಿಟಿಜಿಟಿ ಎಂದು ದಿನವಿಡೀ ಹಿಡಿದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ವರದೆ, ಧರ್ಮೆ, ತುಂಗಭದ್ರೆ ಎಲ್ಲವೂ ಒಟ್ಟಿಗೆ ಉಕ್ಕಿದ್ದನ್ನು ನಾವು ಮರೆತಿಲ್ಲ. ಅಲ್ಲಿಂದ ಹೆದ್ದಾರಿಗೆ ಬಂದರೆ ಮಳೆಯ ಜೊತೆಗೆ ಲಾರಿಗಳ ಗಾಳಿ. ಲಾರಿ ಪಕ್ಕದಲ್ಲಿ ಹಾಯ್ದಾಗ ಸೆರಗು, ವೇಲು, ಕೋಟಿನ ಅಂಚು ಎಲ್ಲವೂ ಒಂದೇ ಸಲ ಮೇಲೇಳುತ್ತವೆ, ಕೆಸರುನೀರು ಮುಖಕ್ಕೆ ಎರಚುತ್ತದೆ. ಬ್ಯಾಡಗಿಗೆ ಹೋದರೆ ಜನವರಿಯಿಂದ ಬೇಸಿಗೆಯವರೆಗೆ ಮೆಣಸಿನಕಾಯಿಯ ಕಾಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಪಡೆದ ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಚೀಲಗಳು ತುಂಬಿ ಇಳಿಯುವ ದಿನ ಮಾರುಕಟ್ಟೆಯ ರಸ್ತೆಯಲ್ಲಿ ಸ್ಕೂಟಿ ಓಡಿಸಿದವರಿಗೆ ಅದರ ಘಾಟು ಗೊತ್ತು. ಕಣ್ಣು, ಮೂಗು, ಕುತ್ತಿಗೆಯ ಬೆವರು ಎಲ್ಲಿ ಸಿಕ್ಕೀತೋ ಅಲ್ಲಿ ಕೂತು ಉರಿಯುತ್ತದೆ. ಇನ್ನು ಏಪ್ರಿಲ್ ಮಧ್ಯಾಹ್ನ ರಾಣೆಬೆನ್ನೂರಿನ ರಸ್ತೆ ಕಾದ ಹಂಚು. ಹೀಗೆ ಒಂದೇ ತಾಲೂಕಿನ ಅಂತರದಲ್ಲಿ, ಒಂದೇ ವರ್ಷದಲ್ಲಿ, ಎಲ್ಲ ಹವೆಯನ್ನೂ ಮೈಮೇಲೆ ಹೊತ್ತು ಹೋಗುವವಳಿಗೆ ನಾವು ಕೊಟ್ಟಿರುವುದು ಒಂದು ಪ್ಲಾಸ್ಟಿಕ್ ಕೋಟು.

ಗಾಡಿಗಳನ್ನಂತೂ ನಮಗೆ ಧಾರಾಳವಾಗಿ ಮಾರಿದರು. 1970ರ ದಶಕದಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು, 1994ರಲ್ಲಿ ಸ್ಕೂಟಿ ಬಂತು. ಸ್ಕೂಟಿ ಎಂಬುದು ಎಷ್ಟು ನಮ್ಮದಾಯಿತೆಂದರೆ ಇಂದಿಗೂ ಹೆಂಗಸರು ಓಡಿಸುವ ಯಾವ ಗಾಡಿಯಾದರೂ ನಮ್ಮೂರಲ್ಲಿ ಅದು ಸ್ಕೂಟಿಯೇ. ಆಮೇಲೆ ಹೀರೋ ಹೋಂಡಾದವರು ಪ್ಲೆಷರ್ ಗಾಡಿ ತಂದು, ಮಜವೆಲ್ಲ ಹುಡುಗರಿಗೇ ಏಕೆ ಎಂಬ ಅರ್ಥದ ಜಾಹೀರಾತು ಕೊಟ್ಟರು. ಮಜದ ಮಾತಾಯಿತು. ಜಡಿಮಳೆಯಲ್ಲಿ ಹೊರಟವಳು ಏನು ತೊಡಬೇಕು ಎಂಬ ಮಾತು ಆ ಜಾಹೀರಾತಿನಲ್ಲಿ ಇರಲಿಲ್ಲ. ಜಾಹೀರಾತಿನ ಹುಡುಗಿಯರ ಮೇಲೆ ಮಳೆ ಬೀಳುವುದೇ ಇಲ್ಲ.

ಕಾನೂನಿನ ಕಥೆಯನ್ನೂ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವೊಂದಿದೆ. ಹಿಂದೆ ಕೂತವರು ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ ಇರಬೇಕು ಎಂದು ಅದು ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಒಳ್ಳೆಯ ನಿಯಮ, ಎಷ್ಟೋ ಜೀವ ಉಳಿಸಿದೆ. ಆದರೆ ಅದು ನೆನೆದಿರುವುದು ಹಿಂದೆ ಕೂತವಳನ್ನು. ಗಂಡನದೋ ಅಣ್ಣನದೋ ಗಾಡಿಯ ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತವಳನ್ನು. ಅವಳೇ ಮುಂದೆ ಬಂದು ಹ್ಯಾಂಡಲ್ ಹಿಡಿದ ಮೇಲೆ ಅವಳ ಬಟ್ಟೆಯ ಬಗ್ಗೆ ಕಾನೂನು ಚಿಂತಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ತಲೆಗೆ ಹೆಲ್ಮೆಟ್ ಕೇಳುತ್ತದೆ. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾಯಿತು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದೂ ಆಯಿತು. ಎಲ್ಲವೂ ಸರಿ. ಕುತ್ತಿಗೆಯ ಕೆಳಗಿನ ದೇಹವನ್ನು ಮಾತ್ರ ಕಾನೂನು ನಮ್ಮ ವಿವೇಕಕ್ಕೇ ಬಿಟ್ಟಿದೆ.

ನಮ್ಮ ವಿವೇಕವೋ ಅಂಗಡಿಯವನ ಕಪಾಟಿನಲ್ಲಿದೆ. ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ ನಾನು ಹೆಂಗಸರ ರೇನ್‌ಸೂಟ್ ಕೇಳಿದಾಗ ನಡೆದ ಮಾತು ಇದು.

“ಲೇಡೀಸ್‌ದು ಐತ್ರಿ ಅಕ್ಕಾರ, ಪಿಂಕ್ ಕಲರ್ ಬರ್ತದ.”

“ಬಣ್ಣ ಆಮ್ಯಾಲೆ ನೋಡೂಣು. ಅಳತಿ ಯಾವುದೈತಿ?”

“ಫ್ರೀ ಸೈಜ್ ರೀ. ಎಲ್ಲಾರಿಗೂ ಆಕ್ಕೈತಿ.”

ಎಲ್ಲರಿಗೂ ಆಗುವುದು ಯಾರಿಗೂ ಆಗುವುದಿಲ್ಲ ಎಂದು ಮೂರನೆಯ ತರಗತಿಯ ಹುಡುಗನ ಸಮವಸ್ತ್ರ ಹೊಲಿಸಿದ ತಾಯಿಗೂ ಗೊತ್ತು. ಫ್ರೀ ಸೈಜ್ ಎಂಬುದರಲ್ಲಿ ಭುಜ ಗಂಡಸಿನದು, ಸೊಂಟದ ಕೆಳಗೆ ಬಿಗಿ, ಎದೆಯ ಹತ್ತಿರ ಗುಂಡಿ ಹಾಕಿದರೆ ಎರಡು ಗುಂಡಿಗಳ ನಡುವೆ ಬಾಯಿ ಬಿಟ್ಟು ನೀರಿಗೆ ದಾರಿ. ಗಂಡಸರ ಕೋಟಿಗೆ ಗುಲಾಬಿ ಬಣ್ಣ ಬಳಿದರೆ ಹೆಂಗಸರ ಕೋಟಾಯಿತೆಂದು ತಿಳಿದವರು ನಮ್ಮನ್ನು ಗಿರಾಕಿಗಳೆಂದೇ ಲೆಕ್ಕಕ್ಕೆ ಇಟ್ಟಿಲ್ಲ.

ಈಗ ಆ ಅಗ್ಗದ ಕೋಟು ಏನು ಮಾಡುತ್ತದೆ ನೋಡಿ. ಬಟ್ಟೆಗೆ ರಬ್ಬರು ಹಿಡಿಸಿ ನೀರು ತಡೆಯುವ ವಿದ್ಯೆಗೆ ಗ್ಲಾಸ್ಗೊದ ಚಾರ್ಲ್ಸ್ ಮ್ಯಾಕಿಂಟಾಷ್ ಪೇಟೆಂಟ್ ಪಡೆದದ್ದು 1823ರಲ್ಲಿ. ಇನ್ನೂರು ವರ್ಷ ಕಳೆದರೂ ನಮ್ಮ ಅಂಗಡಿಯ ಕೋಟಿನ ತತ್ವ ಅದೇ: ಹೊರಗಿನ ನೀರು ಒಳಗೆ ಬರುವುದಿಲ್ಲ, ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಮಳೆಯಲ್ಲಿ ತೊಯ್ದೆವೋ ಬೆವರಿನಲ್ಲಿ ತೊಯ್ದೆವೋ ತಿಳಿಯದು. ನೀರು ಬರುವುದು ಬಟ್ಟೆಯಿಂದ ಅಲ್ಲ, ಹೊಲಿಗೆಯಿಂದ. ಸೂಜಿ ಚುಚ್ಚಿದಲ್ಲೆಲ್ಲ ತೂತು. ಒಳಗಿನಿಂದ ಆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರದಿದ್ದರೆ, ಕೂತಾಗ ನೀರು ನಿಲ್ಲುವ ತೊಡೆಯ ಸಂದಿಯಿಂದಲೇ ಮೊದಲು ಸೋರುತ್ತದೆ. ತೊಯ್ದ ಬಟ್ಟೆಯಲ್ಲಿ ಸಂಜೆ ನಾಲ್ಕೂವರೆಯವರೆಗೆ ಪಾಠ ಮಾಡುವುದೆಂದರೆ ಏನೆಂದು, ಅದರಲ್ಲೂ ಮುಟ್ಟಿನ ದಿನಗಳಲ್ಲಿ ಏನೆಂದು, ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಗಡಿ, ತುರಿ, ಸೊಂಟನೋವು ಎಂದು ರಜೆ ಹಾಕಿದರೆ “ಹೆಣ್ಣುಮಕ್ಕಳ ನೌಕರಿನೇ ಹಿಂಗ” ಎನ್ನುವವರು ಸಿದ್ಧರಾಗಿಯೇ ಇರುತ್ತಾರೆ.

ಹೊರಗಿನ ಜಗತ್ತು ಇಲ್ಲಿಯೇ ನಿಂತಿಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಟೆಫ್ಲಾನನ್ನು ಎಳೆದು ಹಿಗ್ಗಿಸಿ ಒಂದು ತೆಳುಪೊರೆ ಮಾಡುವ ಬಗೆ ಕಂಡುಕೊಂಡರು. ಮಳೆಹನಿ ಒಳಗೆ ಬರಲಾರದಷ್ಟು, ಬೆವರಿನ ಆವಿ ಹೊರಗೆ ಹೋಗುವಷ್ಟು ಸಣ್ಣ ರಂಧ್ರಗಳು ಅದರಲ್ಲಿ. ಗೋರ್‌ಟೆಕ್ಸ್ ಎಂದು ಅದು ಹೆಸರಾಯಿತು. 1983ರಲ್ಲಿ ಅದೇ ದೇಶದ ಡುಲುತ್ ಎಂಬ ಚಳಿಯ ಊರಿನಲ್ಲಿ ಆ್ಯಂಡಿ ಗೋಲ್ಡ್‌ಫೈನ್ ಎಂಬವರು ಏರೋಸ್ಟಿಚ್ ಎಂಬ ಕಂಪನಿ ಕಟ್ಟಿದರು. ದಿನಾ ಕೆಲಸಕ್ಕೆ ಮೋಟಾರ್‌ಸೈಕಲ್ಲಿನಲ್ಲಿ ಹೋಗುವವನಿಗೆ, ಕಚೇರಿಯ ಬಟ್ಟೆಯ ಮೇಲೆಯೇ ತೊಡಬಹುದಾದ, ಕುತ್ತಿಗೆಯಿಂದ ಪಾದದವರೆಗೆ ಒಂದೇ ಜಿಪ್ಪಿನಲ್ಲಿ ತೆರೆದು ಮುಚ್ಚುವ, ಮಳೆ ತಡೆಯುವ, ಬಿದ್ದರೆ ಮೈ ತರಚದ ಒಂದು ಸೂಟನ್ನು ಹೊಲಿದರು. ಬೆಲೆ ಸಾವಿರ ಡಾಲರಿಗೂ ಮೇಲೆ, ನಾವು ಕೊಳ್ಳುವಂಥದಲ್ಲ. ಅದರ ಹಿಂದಿನ ಯೋಚನೆ ಮಾತ್ರ ನಮಗೆ ಬೇಕು. ಅಂಗಿ ರೇಸಿನವನಿಗಲ್ಲ, ಪ್ರವಾಸದವನಿಗಲ್ಲ, ದಿನಾ ದುಡಿಯಲು ಹೋಗುವವನಿಗೆ. ದುಡಿಯಲು ಹೋಗುವವಳಿಗೆ ಎಂದು ತಿದ್ದಿಕೊಂಡರೆ ಅದು ನಮ್ಮದೇ ಮಾತು.

ನಮ್ಮ ದೇಶದಲ್ಲೂ ಈಗ ಇಂಥ ಜಾಕೆಟ್ಟು ಪ್ಯಾಂಟುಗಳನ್ನು ಹೊಲಿಯುವ ಕಂಪನಿಗಳಿವೆ, ಅಂಚೆ ಕೊರಿಯರಿನಲ್ಲಿ ಹಾವೇರಿಗೂ ಬರುತ್ತವೆ. ಆದರೆ “ಸರ್ವಋತು” ಎಂದು ಬರೆದದ್ದನ್ನೆಲ್ಲ ನಂಬಬೇಡಿ. ಬಹಳಷ್ಟರಲ್ಲಿ ನೀರು ತಡೆಯುವ ಪೊರೆ ಒಳಗಿರುತ್ತದೆ. ಮಳೆಯಲ್ಲಿ ಹೊರಗಿನ ಬಟ್ಟೆ ನೀರು ಕುಡಿದು ಹೆಣಭಾರವಾಗುತ್ತದೆ, ಬೇಸಿಗೆಯಲ್ಲಿ ಆ ಪೊರೆ ಬೇಯಿಸುತ್ತದೆ. ಒಂದೇ ತುಂಡಿನ ಸೂಟು ನೋಡಲು ಚೆಂದ, ಆದರೆ ಅದನ್ನು ಹೊಲಿದವರು ಗಂಡಸರು. ಮೂತ್ರಕ್ಕೆ ಹೋಗಬೇಕೆಂದರೆ ಹೆಣ್ಣು ಅದನ್ನು ಪೂರಾ ಬಿಚ್ಚಬೇಕು. ಹೆದ್ದಾರಿಯ ಪೆಟ್ರೋಲ್ ಬಂಕಿನ ಒದ್ದೆ ನೆಲದ ಶೌಚಾಲಯದಲ್ಲಿ, ಮೊಳೆಯೂ ಇಲ್ಲದ ಬಾಗಿಲ ಹಿಂದೆ, ಅದನ್ನು ಬಿಚ್ಚಿ ಎಲ್ಲಿ ಇಡುತ್ತೀರಿ? ಆದ್ದರಿಂದ ನಮಗೆ ಬೇಕಾದದ್ದು ಎರಡು ತುಂಡಿನದು.

ನನ್ನ ಅನುಭವದಲ್ಲಿ ನಮ್ಮ ಹವೆಗೆ ಒಗ್ಗುವ ಜೋಡಿ ಹೀಗಿದೆ. ವರ್ಷವಿಡೀ ಹಾಕಲು ಗಾಳಿಯಾಡುವ ಜಾಳಿಗೆ ಬಟ್ಟೆಯ ಗಾಡಿ ಜಾಕೆಟ್ಟು; ಭುಜ, ಮೊಣಕೈಗಳಲ್ಲಿ ಗಟ್ಟಿ ಮೆತ್ತೆ ಇರಲೇಬೇಕು. ಮೊಣಕಾಲಿಗೂ ಬೇರೆಯಾಗಿ ಮೆತ್ತೆ ಕಟ್ಟಿಕೊಳ್ಳಬಹುದು. ಜೂನ್‌ನಿಂದ ಅಕ್ಟೋಬರಿನವರೆಗೆ ಅದರ ಮೇಲೆ ಸಡಿಲವಾಗಿ ಕೂರುವ, ಹೊಲಿಗೆಗೆ ಪಟ್ಟಿ ಅಂಟಿಸಿದ ಮಳೆಯ ಕೋಟು ಮತ್ತು ಪ್ಯಾಂಟು. ಮೆತ್ತೆಯ ಮೇಲೆ ಸಿಇ ಗುರುತೂ ಇಎನ್ 1621 ಎಂಬ ಸಂಖ್ಯೆಯೂ ಇದೆಯೇ ನೋಡಿ. ಅದು ಯುರೋಪಿನ ಪರೀಕ್ಷೆ. ಒಂದನೆಯ ಮಟ್ಟಕ್ಕಿಂತ ಎರಡನೆಯ ಮಟ್ಟದ್ದು ಪೆಟ್ಟನ್ನು ಹೆಚ್ಚು ತಡೆಯುತ್ತದೆ. ಜಾಕೆಟ್ಟಿನ ಬಟ್ಟೆಗೆ 2020ರಿಂದ ಇಎನ್ 17092 ಎಂಬ ಪರೀಕ್ಷೆ ಇದೆ. ಎಎಎ ಎಂದಿದ್ದರೆ ಅತಿ ಗಟ್ಟಿ, ಎಎ ಅದಕ್ಕಿಂತ ಕಡಿಮೆ, ಎ ಇನ್ನೂ ಕಡಿಮೆ. ನಮ್ಮ ದಿನದ ಓಡಾಟಕ್ಕೆ ಎ ಇದ್ದರೂ ಬರೀ ಸೀರೆಯ ಸೆರಗಿಗಿಂತ ನೂರು ಪಾಲು ಮೇಲು.

ಕೊಳ್ಳುವಾಗ ಕನ್ನಡಿಯ ಮುಂದೆ ನಿಂತು ನೋಡಬೇಡಿ, ಗಾಡಿಯ ಮೇಲೆ ಕೂತು ನೋಡಿ. ಕೈ ಚಾಚಿದಾಗ ತೋಳು ಮಣಿಕಟ್ಟಿನಿಂದ ಮೇಲೇರಬಾರದು, ಕಾಲು ಮಡಚಿದಾಗ ಪ್ಯಾಂಟು ಹಿಮ್ಮಡಿ ಬಿಡಬಾರದು. ತೋಳಿನ ಬಾಯಿಗೆ ಜಿಪ್ಪು ಇರಲಿ. ಗಾಜಿನ ಬಳೆ ಅದರೊಳಗೆ ಹೋಗಬೇಕು. ಬಿದ್ದಾಗ ಒಡೆದ ಬಳೆಯ ಚೂರು ಮಣಿಕಟ್ಟು ಸೀಳುವುದುಂಟು. ಮುಂದಿನ ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇರಲಿ. ಬಣ್ಣ ಹಳದಿಯೋ ಕಿತ್ತಳೆಯೋ ಆಗಿರಲಿ, ಬೆನ್ನಿಗೂ ತೋಳಿಗೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ. ಮನೆಗೆ ತಂದ ಮೇಲೆ ಮಳೆಪ್ಯಾಂಟಿನೊಳಗೆ ಒಂದು ತಂಬಿಗೆ ನೀರು ಸುರಿದು ಎತ್ತಿ ಹಿಡಿಯಿರಿ. ಹೊಲಿಗೆಯಲ್ಲಿ ಹನಿ ಕಂಡರೆ ಅದೇ ದಿನ ಹಿಂದಿರುಗಿಸಿ. ಒದ್ದೆಯಾಗಿ ಮಡಚಿಟ್ಟರೆ ಬೂಸು ಬರುತ್ತದೆ, ಒಳಲೇಪ ಪದರು ಪದರಾಗಿ ಏಳುತ್ತದೆ. ನೆರಳಿನಲ್ಲಿ ನೇತುಹಾಕಿ ಒಣಗಿಸಿ, ಇಸ್ತ್ರಿ ಬೇಡ.

ಇಷ್ಟು ಹೇಳಿದೊಡನೆ ಆಕ್ಷೇಪಗಳು ಏಳುತ್ತವೆ. ಮೊದಲನೆಯದು: “ಬಸ್ಸು ಪುಕ್ಕಟೆ ಐತಲ್ಲ, ಗಾಡಿ ಯಾಕ ಬೇಕು?” 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರಿಂದ ಎಷ್ಟೋ ಬಡ ಹೆಣ್ಣುಮಕ್ಕಳು ಮನೆಯ ಹೊಸ್ತಿಲು ದಾಟಿದರು. ಆದರೆ ಬಸ್ಸು ನಿಲ್ಲುವುದು ಕ್ರಾಸಿನಲ್ಲಿ. ಕ್ರಾಸಿನಿಂದ ನನ್ನ ಶಾಲೆ ಮೂರು ಕಿಲೋಮೀಟರು ಒಳಗೆ. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಒಲೆ ಹೊತ್ತುವುದು ಎಂಟಕ್ಕೆ. ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ನಮ್ಮ ಹೊತ್ತು ಪುಕ್ಕಟೆಯಾಗಿಲ್ಲ.

ಎರಡನೆಯದು ಸೀರೆ. ನಾನು ಸೀರೆಯ ವೈರಿಯಲ್ಲ. ಹಬ್ಬಕ್ಕೆ ಇಳಕಲ್ ಸೀರೆಯಿಲ್ಲದೆ ನನಗೆ ಹಬ್ಬವೇ ಅನ್ನಿಸುವುದಿಲ್ಲ. ಆದರೆ ಸೀರೆಯ ಮೇಲೆ ತೊಡುವ ಮಳೆಪ್ಯಾಂಟನ್ನು ಜಗತ್ತಿನಲ್ಲಿ ಯಾರೂ ಹೊಲಿದಿಲ್ಲ, ಹೊಲಿಯಲೂ ಬರುವುದಿಲ್ಲ. ಗಾಡಿ ಓಡಿಸುವ ದಿನ ಚೂಡಿದಾರವೇ ಲೇಸು, ವೇಲು ಚೀಲದಲ್ಲಿರಲಿ. “ಶಿಕ್ಷಕಿ ಅಂದರೆ ಸೀರೆಯಲ್ಲಿದ್ದರೇ ಗೌರವ” ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಪಕ್ಕದ ಕೇರಳದಲ್ಲಿ 2021ರ ನವೆಂಬರಿನಲ್ಲಿ ಉನ್ನತ ಶಿಕ್ಷಣ ಇಲಾಖೆ ಕಾಲೇಜುಗಳಿಗೆ ಸ್ಪಷ್ಟವಾಗಿಯೇ ಹೇಳಿತು: ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸುವಂತಿಲ್ಲ, ತಮಗೆ ಅನುಕೂಲವಾದದ್ದನ್ನು ತೊಡಬಹುದು. ಅಲ್ಲಿ ಪಾಠ ಕೆಟ್ಟಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸಂಪ್ರದಾಯದ ಮಾತೆತ್ತುವವರಿಗೆ ಸಂಪ್ರದಾಯವನ್ನೇ ತೋರಿಸೋಣ. ನಮ್ಮ ಅಜ್ಜಿಯರು ಹೊಲಕ್ಕಿಳಿದಾಗ ಕಚ್ಚೆ ಹಾಕುತ್ತಿದ್ದರು, ನೆರಿಗೆ ಬಿಟ್ಟುಕೊಂಡು ಕಳೆ ಕೀಳಲಿಲ್ಲ. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರು ಚೆನ್ನಮ್ಮ ಕುದುರೆಯ ಮೇಲೆ ಕೂತಿದ್ದಾಳೆ. ಅವಳ ಸೆರಗಿನ ಬಗ್ಗೆ ಯಾರೂ ಉಪದೇಶ ಮಾಡುವುದಿಲ್ಲ. ನಮ್ಮ ಕಡೆಯ ಕುರುಬರು ನೇಯುವ ಕರಿಕಂಬಳಿಗಿಂತ ದೊಡ್ಡ ಸರ್ವಋತು ಅಂಗಿ ಯಾವುದಿದೆ? ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬಿಸಿಲಿಗೆ ತಲೆಯ ನೆರಳು, ರಾತ್ರಿ ಹಾಸಿಗೆ. ಕೊಪ್ಪೆ ಹೊದ್ದು ಹೊಲಕ್ಕೆ ಹೋದವಳನ್ನು ಕಂಡು ಊರು ನಗಲಿಲ್ಲ, ಏಕೆಂದರೆ ಅದು ದುಡಿಮೆಯ ಉಡುಪು ಎಂದು ಊರಿಗೆ ಗೊತ್ತಿತ್ತು. ದುಡಿಮೆಗೆ ತಕ್ಕ ಉಡುಪು ಎಂಬುದೇ ನಮ್ಮ ಸಂಪ್ರದಾಯ. ಕೆಲಸ ಹೊಲದಿಂದ ಹೆದ್ದಾರಿಗೆ ಬಂದಿದೆ, ಕೊಪ್ಪೆಯೂ ಜೊತೆಗೆ ಬರಬೇಕು.

ಮೂರನೆಯದು ನಾಚಿಕೆ. ನಾನು ಮೊದಲ ದಿನ ಜಾಕೆಟ್ಟು, ಮೊಣಕಾಲ ಮೆತ್ತೆ ಹಾಕಿಕೊಂಡು ಶಾಲೆಗೆ ಹೋದಾಗ ಸ್ಟಾಫ್‌ರೂಮಿನಲ್ಲಿ “ಏನ್ರೀ ಟೀಚರ್, ಚಂದ್ರಲೋಕಕ್ಕ ಹೊಂಟೀರೇನು?” ಎಂದರು. ಹುಡುಗರು “ಅಕ್ಕೋರು ಪೊಲೀಸ್ ಆಗ್ಯಾರ” ಎಂದು ಎರಡು ದಿನ ಮಾತಾಡಿಕೊಂಡರು. ಮೂರನೆಯ ದಿನ ಅವರಿಗೆ ಬೇರೆ ವಿಷಯ ಸಿಕ್ಕಿತು. ನಗುವಿನ ಆಯಸ್ಸು ಅಷ್ಟೇ. ಈ ನಗು ನಮ್ಮೂರಿನದೇ ಅಲ್ಲ. 1898ರಲ್ಲಿ ಇಂಗ್ಲೆಂಡಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ ಹೆಂಗಸು ಲಂಗ ಬಿಟ್ಟು ಸಡಿಲ ಚಡ್ಡಿಯ ಸೈಕಲ್ ಉಡುಪಿನಲ್ಲಿ ಆಕಮ್ ಎಂಬ ಹಳ್ಳಿಯ ಹೋಟೆಲಿಗೆ ಹೋದಾಗ, ಕಾಫಿಯ ಕೋಣೆಗೆ ಬಿಡಲಾರೆವು ಎಂದು ಒಡತಿ ತಡೆದಳು. ಮರುವರ್ಷ ಕೋರ್ಟಿನಲ್ಲಿ ಗೆದ್ದವಳು ಹೋಟೆಲಿನವಳೇ. ಆದರೆ ಆ ಉಡುಪು ಸೋಲಲಿಲ್ಲ. ಇಂದು ಆ ದೇಶದಲ್ಲಿ ಸೈಕಲ್ ಹತ್ತುವವಳಿಗೆ ಲಂಗ ತೊಡು ಎನ್ನುವವರು ಯಾರೂ ಇಲ್ಲ.

ನಾಲ್ಕನೆಯದು ದುಡ್ಡು. ಒಳ್ಳೆಯ ಜಾಕೆಟ್ಟು ಐದಾರು ಸಾವಿರದಿಂದ ಮೇಲಕ್ಕೆ, ಮಳೆಯ ಜೋಡಿಗೆ ಇನ್ನೆರಡು ಸಾವಿರ ಎಂದುಕೊಳ್ಳಿ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ” ಎನ್ನುತ್ತಾರೆ ಕೆಲವರು. ಅಕ್ಕಂದಿರೇ, ಇಲ್ಲಿ ಹಿಟ್ಟು ಯಾವುದು, ಮಲ್ಲಿಗೆ ಯಾವುದು ಎಂದು ನೀವೇ ಲೆಕ್ಕ ಹಾಕಿ. ನಾದಿನಿಯ ಮಗಳ ಮದುವೆಗೆಂದು ಹಬ್ಬದ ಮುಂಗಡ ತೆಗೆದು ಕೊಂಡ ಹತ್ತು ಸಾವಿರದ ರೇಷ್ಮೆ ಸೀರೆ ವರ್ಷಕ್ಕೆ ಎಷ್ಟು ಸಲ ಕಪಾಟಿನಿಂದ ಹೊರಗೆ ಬರುತ್ತದೆ? ಗಾಡಿಯ ಅಂಗಿ ವರ್ಷಕ್ಕೆ ಇನ್ನೂರು ದಿನದ ಮೇಲೆ ಮೈಮೇಲಿರುತ್ತದೆ. ಲಕ್ಷ ರೂಪಾಯಿ ಗಾಡಿಗೆ ಕೊಟ್ಟು ಅಂಗಿಗೆ ಚೌಕಾಸಿ ಮಾಡುವುದು, ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ. ಬಡ ಸಂಬಳದ ಆಶಾ ಕಾರ್ಯಕರ್ತೆಗೆ, ಅತಿಥಿ ಶಿಕ್ಷಕಿಗೆ ಇದು ನಿಜಕ್ಕೂ ಭಾರ, ಅದನ್ನು ನಾನು ಒಪ್ಪುತ್ತೇನೆ. ಅವರಿಗೆ ಇದನ್ನು ಇಲಾಖೆಗಳೇ ಕೊಡಿಸಬೇಕು. ಹಳ್ಳಿ ಹಳ್ಳಿ ತಿರುಗಲು ಹೇಳುವವರು ತಿರುಗಾಟದ ಅಂಗಿಯನ್ನೂ ಕೊಡಬೇಕಲ್ಲವೇ?

ಇದು ಬರೀ ಅನುಕೂಲದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಹತ್ತಿರದ ಶಾಲೆಯೊಂದರ ಯುವ ಶಿಕ್ಷಕಿಯ ವೇಲು ಗಾಡಿಯ ಹಿಂಚಕ್ರಕ್ಕೆ ಸಿಕ್ಕಿತು. ಕುತ್ತಿಗೆಗೆ ಎರಡು ಸುತ್ತು ಸುತ್ತಿ ಹಿಂದೆ ಬಿಟ್ಟುಕೊಂಡ ವೇಲು. ಅವಳು ಹಿಂದಕ್ಕೆ ಬಿದ್ದಳು. ದೇವರು ದೊಡ್ಡವನು, ವೇಲು ಹರಿಯಿತು, ಜೀವ ಉಳಿಯಿತು. ಮೊಣಕೈಯ ಎಲುಬು ಕಾಣಿಸುತ್ತಿತ್ತು. ಎರಡು ತಿಂಗಳು ಅವಳಿಗೆ ಗಟ್ಟಿಯಾಗಿ ಮಾತಾಡಲು ಬರಲಿಲ್ಲ, ಮಾತಾಡದ ಶಿಕ್ಷಕಿ ಏನು ಪಾಠ ಮಾಡಿಯಾಳು? ನೋಡಲು ಹೋದವರೆಲ್ಲ ಹೇಳಿದ ಮಾತು ಒಂದೇ: “ಹೆಣ್ಣಮಕ್ಕಳಿಗೆ ಗಾಡಿ ಸಹವಾಸ ಬೇಡವಾಗಿತ್ತು.” ಮನೆಯವರು ಗಾಡಿ ಮಾರಿದರು. ಈಗ ಅವಳು ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ತಪ್ಪು ಗಾಡಿಯದಾಯಿತು, ಹೆಣ್ಣಿನದಾಯಿತು. ಆ ಒಂದೂವರೆ ಗಜ ಬಟ್ಟೆಯದು ಎಂದು ಯಾರೂ ಹೇಳಲಿಲ್ಲ. ಗಂಡಸು ಬಿದ್ದರೆ ರಸ್ತೆ ಕೆಟ್ಟದ್ದು, ಹೆಣ್ಣು ಬಿದ್ದರೆ ಅವಳ ಹೊರಗಿನ ಬದುಕೇ ಕೆಟ್ಟದ್ದು. ನಮ್ಮ ಗಾಡಿಯ ಕೀಲಿ ಕಸಿಯಲು ಒಂದು ಗಾಯ ಸಾಕು. ಅದಕ್ಕೇ ನಾನು ಅಂಗಿಯ ಮಾತಾಡುತ್ತಿದ್ದೇನೆ.

ನಮ್ಮ ರಸ್ತೆ ಎಂಥದೆಂದು ಎಲ್ಲರಿಗೂ ಗೊತ್ತಿದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಬಳಿ, ಹೆದ್ದಾರಿಯ ಬದಿಗೆ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ ದೇವರ ದರ್ಶನ ಮುಗಿಸಿ ಬರುತ್ತಿದ್ದ 13 ಜನ ಸತ್ತರು. ತಗಡಿನ ಗೋಡೆಯೊಳಗೆ ಕೂತವರ ಗತಿಯೇ ಹೀಗಾದ ರಸ್ತೆಯಲ್ಲಿ ನಾವು ಹತ್ತಿಯ ಬಟ್ಟೆಯಲ್ಲಿ, ಚಪ್ಪಲಿಯಲ್ಲಿ, ಮಬ್ಬು ಬಣ್ಣದ ಕೋಟಿನಲ್ಲಿ ಹೋಗುತ್ತೇವೆ. ಅಂಗಿಯೊಂದು ಲಾರಿಯನ್ನು ನಿಲ್ಲಿಸಲಾರದು. ಆದರೆ ಮಳೆಯ ಮಬ್ಬಿನಲ್ಲಿ ಲಾರಿಯವನಿಗೆ ನಮ್ಮನ್ನು ತೋರಿಸೀತು, ಜಾರಿ ಬಿದ್ದ ದಿನ ಅಂಗೈ, ಮೊಣಕೈ, ಮೊಣಕಾಲಿನ ಚರ್ಮ ಉಳಿಸೀತು.

ಹೆಡ್‌ಮಾಸ್ತರರನ್ನು, ಅಧಿಕಾರಿಗಳನ್ನು ನಾನು ಕೇಳುವುದು ಹೆಚ್ಚಿನದೇನಲ್ಲ. ಸ್ಟಾಫ್‌ರೂಮಿನ ಗೋಡೆಗೆ ಒದ್ದೆ ಕೋಟು ನೇತುಹಾಕಲು ನಾಲ್ಕು ಗೂಟ, ಬಟ್ಟೆ ಬದಲಿಸಲು ಚಿಲಕವಿರುವ ಒಂದು ಬಾಗಿಲು, ಚೂಡಿದಾರದ ಬಗ್ಗೆ ಮೌನ. ಅಂಗಡಿಯವರೇ, ನಿಮ್ಮ ಗಿರಾಕಿಗಳಲ್ಲಿ ನಾವು ಎಷ್ಟು ಜನರಿದ್ದೇವೆ ಎಂದು ಒಂದು ಮಳೆಗಾಲ ಎಣಿಸಿ. ಪಿಂಕ್ ಬದಲು ಅಳತೆಗಳನ್ನು ತರಿಸಿ. ರಾಣೆಬೆನ್ನೂರಿನಲ್ಲಿ ಕೈಕಸುಬಿನ ಟೇಲರುಗಳಿಗೆ ಬರವಿಲ್ಲ. ತೋಳು ಗಿಡ್ಡ ಮಾಡುವುದು, ಹೊಳೆಯುವ ಪಟ್ಟಿ ಹೊಲಿಯುವುದು, ಜಾಕೆಟ್ಟಿನ ಸೊಂಟ ಬಿಡಿಸುವುದು ಅವರ ಕೈಯಲ್ಲಾಗುವ ಕೆಲಸ. ಮಳೆಕೋಟಿಗೆ ಮಾತ್ರ ಸೂಜಿ ಹಾಕಿಸಬೇಡಿ, ಸೋರುತ್ತದೆ. ಮಗಳಿಗೆ, ಸೊಸೆಗೆ ಗಾಡಿ ಕೊಡಿಸುವ ತಂದೆತಾಯಿಯರು ಗಾಡಿಯ ಬಿಲ್ಲಿನ ಜೊತೆಗೇ ಅಂಗಿಯ ಬಿಲ್ಲನ್ನೂ ಮಾಡಿಸಲಿ.

ಕಡೆಗೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತು ಒಂದಿದೆ. ಡಬ್ಬಿಗೆ ಎರಡು ಚೀಲ ಸುತ್ತುವವರು ನಾವು, ಉತ್ತರಪತ್ರಿಕೆಗೆ ಎರಡು ಚೀಲ ಸುತ್ತುವವರೂ ನಾವೇ. ಮೈ ಮಾತ್ರ ತೊಯ್ದರೆ ತೊಯ್ಯಲಿ ಎಂದು ಬಿಡುವುದನ್ನು ನಮಗೆ ಯಾರು ಕಲಿಸಿದರು? ಯಾರೇ ಕಲಿಸಿರಲಿ, ಮರೆಯುವುದು ನಮ್ಮ ಕೈಯಲ್ಲಿದೆ. ಮುಂದಿನ ಮಿರಗಕ್ಕೆ ಮೊದಲು, ಈ ಸಲದ ಸಂಬಳದಲ್ಲಿ, ಅಂಗಡಿಗೆ ಹೋಗಿ ಮೊದಲು ಅಳತೆ ಕೇಳಿ, ಆಮೇಲೆ ಬೆಲೆ ಕೇಳಿ. ಬಣ್ಣ ಕೊನೆಗೆ.